ಮೂಗುದಾರ ಯಾರ ಕೈಯಲ್ಲಿ?

ದೇವಣಿ ತಳಿಯ ಎತ್ತನ್ನು ಕೊಳ್ಳಹೋದ ರೈತನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬೆಲೆ ಕುದುರಿ ಹಣ ಎಣಿಸಿಕೊಟ್ಟ ಮೇಲೆ ಮೂಗುದಾರವು ಮಾರಿದವನ ಕೈಯಿಂದ ಕೊಂಡವನ ಕೈಗೆ ಬರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಮೇವು ಕೊಂಡವನ ಹೊಲದ್ದು, ನೀರು ಅವನ ಬಾವಿಯದು. ಯಾವ ಹೊಲವನ್ನು ಎಂದು ಉಳಬೇಕೆಂದು ಮಾರಿದವನನ್ನು ಕೇಳಬೇಕಾದ ಹಂಗಿಲ್ಲ.

ಯುದ್ಧವಿಮಾನದ ವ್ಯಾಪಾರ ಹೀಗಿಲ್ಲ. ಹಣವೆಲ್ಲ ಸಂದಾಯವಾದ ಮೇಲೂ ಅದರ ಮೂಗುದಾರ ಬಹುಪಾಲು ಮಾರಿದವನ ಕೈಯಲ್ಲಿಯೇ ಉಳಿಯುತ್ತದೆ. ಬಿಡಿಭಾಗ ಅವನಿಂದ ಬರಬೇಕು. ಅದಕ್ಕೆ ಹೊಂದುವ ಕ್ಷಿಪಣಿ ಅವನಿಂದ ಬರಬೇಕು. ಚಾಲಕರ ಶಿಕ್ಷಣ, ಯಂತ್ರಜ್ಞರ ತರಬೇತಿ, ಒಳಗಿನ ಗಣಕಯಂತ್ರದ ಗುಟ್ಟು ಎಲ್ಲವೂ ಅವನದೇ. ಒಮ್ಮೆ ಕೊಂಡರೆ ಮೂವತ್ತು ನಲವತ್ತು ವರ್ಷಗಳ ನಂಟು. ಆದುದರಿಂದ ಸಿರಿವಂತ ರಾಷ್ಟ್ರವೊಂದು ವಿಮಾನವನ್ನು ಆರಿಸುವಾಗ ನಿಜವಾಗಿ ಆರಿಸುತ್ತಿರುವುದು ವಿಮಾನವನ್ನಲ್ಲ, ತಾನು ಯಾರ ಮಾತು ಕೇಳಿಕೊಂಡು ಇರಬೇಕೆಂಬುದನ್ನು.

ಈ ತಿಂಗಳು ಈ ವಿಷಯವನ್ನೇ ಏಕೆ ಎತ್ತಿಕೊಂಡೆವೆಂದು ಓದುಗ ಬಂಧುಗಳು ಕೇಳಬಹುದು. ವಲಾಂಡಿಯಲ್ಲಿಯೂ ಉಮರ್ಗಾದಲ್ಲಿಯೂ ಕುಳಿತು ಓದುವವರಿಗೆ ಯುದ್ಧವಿಮಾನದ ವ್ಯಾಪಾರದಿಂದ ಆಗಬೇಕಾದುದೇನು? ಕಾರಣಗಳು ಎರಡು. ಗಡಿಭಾಗದ ಎಷ್ಟೋ ಮನೆಗಳ ಮಕ್ಕಳು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಆ ನಾಡುಗಳ ನೆಮ್ಮದಿಯೇ ಈ ಮನೆಗಳ ಒಲೆಯ ನೆಮ್ಮದಿ. ಇದು ಮೊದಲನೆಯದು. ಎರಡನೆಯದು ಇನ್ನೂ ಹತ್ತಿರದ್ದು. ಸಿರಿವಂತ ಅರಸನೊಬ್ಬನು ಪರರ ಶಸ್ತ್ರಕ್ಕೆ ಹಣ ಸುರಿದು, ಎದುರಾಳಿಗಳಾದ ದೊಡ್ಡ ಶಕ್ತಿಗಳ ನಡುವೆ ತಕ್ಕಡಿ ತೂಗಲು ಹೋಗಿ, ಕೊನೆಗೆ ಬರಿಗೈಯಾದ ಕಥೆ ನಡೆದುದು ಬೇರೆಲ್ಲಿಯೂ ಅಲ್ಲ, ನಮ್ಮ ನೆಲದ ಮೇಲೆಯೇ.

ಕೊಲ್ಲಿಯ ತಕ್ಕಡಿ

ಮೊದಲು ದೂರದ ಮಾತನ್ನು ಹೇಳಿ ಮುಗಿಸುತ್ತೇವೆ. ಸಂಯುಕ್ತ ಅರಬ್ ಸಂಸ್ಥಾನವು ಅಮೆರಿಕದಿಂದ 50 ಎಫ್-35 ವಿಮಾನಗಳನ್ನು ಕೊಳ್ಳಲು ಮಾತುಕತೆ ನಡೆಸಿತ್ತು. ಹಣಕ್ಕೆ ಕೊರತೆ ಇರಲಿಲ್ಲ. ಆದರೆ ಅದೇ ನಾಡಿನ ದೂರವಾಣಿ ಜಾಲದಲ್ಲಿ ಚೀನದ ಹುವಾವೆ ಕಂಪನಿಯ ಯಂತ್ರಗಳು ಇದ್ದವು. ಚೀನದ ಕಿವಿ ಇರುವ ಮನೆಯಲ್ಲಿ ತನ್ನ ವಿಮಾನದ ಗುಟ್ಟು ಉಳಿದೀತೇ ಎಂದು ಅಮೆರಿಕ ಶಂಕಿಸಿತು, ಷರತ್ತುಗಳನ್ನು ಮುಂದಿಟ್ಟಿತು. ತನ್ನ ಸಾರ್ವಭೌಮತೆಗೆ ಅವು ಒಪ್ಪುವಂಥವಲ್ಲವೆಂದು ಸಂಸ್ಥಾನವು 2021ರ ಡಿಸೆಂಬರಿನಲ್ಲಿ ಮಾತುಕತೆಯನ್ನು ನಿಲ್ಲಿಸಿತು. ಅದೇ ತಿಂಗಳ 3ನೆಯ ತಾರೀಖಿನಂದು ಫ್ರಾನ್ಸಿನೊಡನೆ 80 ರಫೇಲ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅಮೆರಿಕವನ್ನು ಬಿಡಲಾರದು, ಚೀನವನ್ನು ದೂರ ಮಾಡಲಾರದು. ನಡುವೆ ಫ್ರಾನ್ಸನ್ನು ತಂದು ನಿಲ್ಲಿಸಿಕೊಂಡಿತು.

ಪಕ್ಕದ ಕತಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2017ರ ಜೂನಿನಲ್ಲಿ ಸೌದಿ ಅರೇಬಿಯ ಮೊದಲಾದ ನೆರೆಯವರು ಅದಕ್ಕೆ ದಿಗ್ಬಂಧನ ಹಾಕಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಕತಾರ್ ಅಮೆರಿಕದೊಡನೆ ಎಫ್-15 ವಿಮಾನಗಳ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ನಿನಿಂದ 24 ಟೈಫೂನ್, ಫ್ರಾನ್ಸಿನಿಂದ ಮೊದಲಿನ ರಫೇಲುಗಳ ಜೊತೆಗೆ ಮತ್ತೆ 12 ರಫೇಲ್. ಇಷ್ಟು ಸಣ್ಣ ನಾಡಿಗೆ ಮೂರು ಬಗೆಯ ವಿಮಾನ ಏಕೆ ಬೇಕೆಂದು ಸೈನಿಕ ತಜ್ಞರು ಬೆರಗಾದರು. ಮೂರು ಬಗೆಯ ವಿಮಾನವೆಂದರೆ ಮೂರು ಬಗೆಯ ಬಿಡಿಭಾಗ, ಮೂರು ಬಗೆಯ ತರಬೇತಿ, ಮೂರು ಪಟ್ಟು ತೊಡಕು. ಆದರೆ ಕತಾರ್ ಕೊಂಡುದು ಮೂರು ಗೆಳೆತನಗಳನ್ನು. ಆ ಗೆಳೆತನಗಳ ಬಲವೆಷ್ಟೆಂಬುದು 2025ರ ಸೆಪ್ಟೆಂಬರ್ 9ರಂದು ಗೊತ್ತಾಯಿತು. ಅಂದು ಇಸ್ರೇಲ್ ದೋಹಾ ನಗರದ ಮೇಲೆಯೇ ದಾಳಿ ಮಾಡಿತು. ಮೂರು ದೇಶಗಳ ವಿಮಾನಗಳೂ ಅಲ್ಲಿದ್ದವು, ಅಮೆರಿಕದ ದೊಡ್ಡ ಸೇನಾನೆಲೆಯೂ ಅಲ್ಲಿಯೇ ಇತ್ತು. ಬಂದ ದಾಳಿ ಬಂದೇ ಬಂದಿತು.

ಗೆಳೆಯ ಮುನಿದರೆ ಏನಾಗುವುದೆಂಬುದಕ್ಕೆ ಇರಾನ್ ಸಾಕ್ಷಿ. ಎಣ್ಣೆಯ ಹಣ ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ಅಲ್ಲಿಯ ಷಹನು ಅಮೆರಿಕದಿಂದ 80 ಎಫ್-14 ವಿಮಾನಗಳಿಗೆ ಆದೇಶ ಕೊಟ್ಟನು. 79 ಬಂದು ಸೇರಿದವು. 1979ರಲ್ಲಿ ಕ್ರಾಂತಿಯಾಗಿ ಷಹನು ಓಡಿಹೋದನು, ಅಮೆರಿಕ ಬಿಡಿಭಾಗಗಳನ್ನು ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದೇ ಇರಾನಿನ ಯಂತ್ರಜ್ಞರ ಕೆಲಸವಾಯಿತು. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತೆಂಬ ಗಾದೆ ಆ ವಿಮಾನಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪಾಕಿಸ್ತಾನಕ್ಕಂತೂ ಹಣ ಕೊಟ್ಟ ಸರಕೇ ಕೈಸೇರಲಿಲ್ಲ. 1990ರಲ್ಲಿ ಅಣ್ವಸ್ತ್ರದ ಕಾರಣ ಮುಂದೊಡ್ಡಿ ಅಮೆರಿಕ ಎಫ್-16 ವಿಮಾನಗಳನ್ನು ತಡೆಹಿಡಿಯಿತು. ತಯಾರಾದ ವಿಮಾನಗಳು ಅಮೆರಿಕದ ಮರುಭೂಮಿಯಲ್ಲಿ ನಿಂತವು, ಹಣದ ಲೆಕ್ಕ ಇತ್ಯರ್ಥವಾಗಲು ಎಂಟು ವರ್ಷ ಹಿಡಿಯಿತು.

ಉದಗೀರದಿಂದ ನಳದುರ್ಗದ ವರೆಗೆ

ಈಗ ನಮ್ಮ ಮನೆಯ ಕಥೆಗೆ ಬರೋಣ. ಹದಿನೆಂಟನೆಯ ಶತಮಾನದಲ್ಲಿ ಯುದ್ಧವಿಮಾನಗಳು ಇರಲಿಲ್ಲ, ನಿಜ. ಆದರೆ ಆ ಕಾಲಕ್ಕೂ ಅದರದೇ ಒಂದು ಹೊಸ ಶಸ್ತ್ರವಿತ್ತು: ಯುರೋಪಿನ ಪದ್ಧತಿಯಲ್ಲಿ ಕವಾಯತು ಕಲಿತ ಕಾಲಾಳು ಪಡೆ ಮತ್ತು ಬೇಗ ಬೇಗ ಗುಂಡು ಹಾರಿಸುವ ಫಿರಂಗಿ ಸಾಲು. ಇದನ್ನು ಮಾರಲು ಇಬ್ಬರು ವ್ಯಾಪಾರಿಗಳು ದಖ್ಖನಿಗೆ ಬಂದಿದ್ದರು, ಫ್ರೆಂಚರು ಮತ್ತು ಇಂಗ್ಲಿಷರು. ಅವರಿಬ್ಬರೂ ಅಂದಿನ ಲೋಕದ ಮಹಾಶಕ್ತಿಗಳು, ಪರಸ್ಪರ ಹಗೆಗಳು. ಕೊಳ್ಳುವವನು ಹೈದರಾಬಾದಿನ ನಿಜಾಮ.

ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾಪತಿ ಬುಸ್ಸಿಯ ಪಡೆಯನ್ನು ನೆಚ್ಚಿಕೊಂಡನು. ಸಂಬಳಕ್ಕೆ ನಗದು ಸಾಲದೆ 1753ರಲ್ಲಿ ಪೂರ್ವ ಕರಾವಳಿಯ ಸರ್ಕಾರು ಜಿಲ್ಲೆಗಳನ್ನೇ ಫ್ರೆಂಚರಿಗೆ ಬಿಟ್ಟುಕೊಟ್ಟನು. 1758ರಲ್ಲಿ ಫ್ರೆಂಚರಿಗೆ ಇಂಗ್ಲಿಷರೊಡನೆ ತಮ್ಮದೇ ಯುದ್ಧ ಬಿದ್ದಿತು. ಬುಸ್ಸಿಯನ್ನು ಅವರು ಹಿಂದಕ್ಕೆ ಕರೆಸಿಕೊಂಡರು. ಕೊಂಡವನ ಅವಸರ ಮಾರಿದವನಿಗೆ ಬೇಕಾಗಿರಲಿಲ್ಲ. ಎರಡೇ ವರ್ಷದಲ್ಲಿ, 1760ರ ಫೆಬ್ರವರಿಯಲ್ಲಿ, ನಮ್ಮ ಉದಗೀರದ ಬಯಲಿನಲ್ಲಿ ನಿಜಾಮನ ಸೇನೆಯನ್ನು ಸದಾಶಿವರಾವ್ ಭಾವೂನ ಮರಾಠಾ ಸೇನೆ ಸುತ್ತುಗಟ್ಟಿತು. ಅಂದು ಮರಾಠರ ಫಿರಂಗಿಗಳನ್ನು ನಡೆಸಿದವನು ಇಬ್ರಾಹಿಂ ಖಾನ್ ಗಾರ್ದಿ. ಬುಸ್ಸಿಯ ಕೈಕೆಳಗೆ ಪಳಗಿದವನು. ಮೊದಲು ನಿಜಾಮನ ಕಡೆ ಇದ್ದು, ಆಮೇಲೆ ಮರಾಠರ ಸಂಬಳಕ್ಕೆ ಸೇರಿದವನು. ನಿಜಾಮನ ಹಣದಿಂದ ಬೆಳೆದ ವಿದ್ಯೆ ನಿಜಾಮನ ಮೇಲೆಯೇ ಗುಂಡು ಹಾರಿಸಿತು. ಸೋತವನು ದೌಲತಾಬಾದ್, ಬುರ್ಹಾನಪುರ, ನಮ್ಮ ವಿಜಾಪುರ ಮೊದಲಾದ ಪ್ರದೇಶಗಳನ್ನು ಕಳೆದುಕೊಂಡನು. ಉದಗೀರದ ಕೋಟೆಯನ್ನು ನೋಡಹೋಗುವ ನಮ್ಮ ಮಕ್ಕಳಿಗೆ ಕಲ್ಲಿನ ಬುರುಜುಗಳ ಜೊತೆಗೆ ಈ ಮಾತನ್ನೂ ಹೇಳಿಕೊಡಬೇಕು.

ನಿಜಾಮರ ಮನೆತನ ಆ ಪಾಠವನ್ನು ಕಲಿಯಲಿಲ್ಲ. ಮುಂದೆ ನಿಜಾಮ ಅಲಿ ಖಾನನು ರೇಮಂಡ್ ಎಂಬ ಫ್ರೆಂಚನ ಕೈಯಲ್ಲಿ ಹದಿನಾಲ್ಕು ಸಾವಿರದಷ್ಟು ಪಡೆಯನ್ನು ಕಟ್ಟಿಸಿದನು. ಹೈದರಾಬಾದಿನಲ್ಲಿ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆಯೂ ಆಯಿತು. ಇಂಗ್ಲಿಷರೊಡನೆಯೂ ಸ್ನೇಹ, ಫ್ರೆಂಚರೊಡನೆಯೂ ಸ್ನೇಹ. 1795ರಲ್ಲಿ ಖರ್ಡಾದ ಯುದ್ಧ ಬಂದಾಗ ಇಂಗ್ಲಿಷರು ತಟಸ್ಥರಾಗಿ ಕುಳಿತರು, ನಿಜಾಮ ಮರಾಠರಿಗೆ ಸೋತನು. ಮೂರು ವರ್ಷ ಕಳೆದು 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಸಹಾಯಕ ಸೈನ್ಯದ ಒಪ್ಪಂದವನ್ನು ತಂದು ಮುಂದಿಟ್ಟನು. ಅದರ ಮುಖ್ಯ ಷರತ್ತು ಒಂದೇ: ಫ್ರೆಂಚ್ ಪಡೆ ಹೋಗಬೇಕು. ಆ ವರ್ಷದ ಅಕ್ಟೋಬರಿನಲ್ಲಿ ರೇಮಂಡನ ಪಡೆಯ ಆಯುಧಗಳನ್ನು ಇಂಗ್ಲಿಷರು ಕೆಳಗಿಡಿಸಿದರು. ರೇಮಂಡನು ಅದಕ್ಕೂ ಮೊದಲೇ ತೀರಿಕೊಂಡಿದ್ದನು. ತಕ್ಕಡಿಯ ಒಂದು ತಟ್ಟೆ ಮುರಿಯಿತು. ಉಳಿದ ಒಂದೇ ತಟ್ಟೆಯಲ್ಲಿ ನಿಜಾಮರು ನೂರೈವತ್ತು ವರ್ಷ ಕುಳಿತರು. ದೂರವಾಣಿ ಜಾಲದಿಂದ ಚೀನವನ್ನು ಹೊರಹಾಕಿದರೆ ಮಾತ್ರ ವಿಮಾನ ಕೊಡುತ್ತೇವೆಂಬ ಇಂದಿನ ಮಾತಿಗೂ, ಫ್ರೆಂಚರನ್ನು ಹೊರಹಾಕಿದರೆ ಮಾತ್ರ ರಕ್ಷಣೆ ಕೊಡುತ್ತೇವೆಂಬ ಅಂದಿನ ಮಾತಿಗೂ ಹೆಚ್ಚಿನ ಅಂತರವನ್ನು ನಾವು ಕಾಣೆವು.

ರಕ್ಷಣೆಯ ಬಿಲ್ಲು ನೆಲದ ರೂಪದಲ್ಲಿ ಸಂದಾಯವಾಯಿತು. 1800ರಲ್ಲಿ ಆ ಸಹಾಯಕ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳು ಇಂಗ್ಲಿಷರಿಗೆ ಹೋದವು. ಕರ್ನಾಟಕದ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿ ಒಂದೂವರೆ ಶತಮಾನ ಅಲ್ಲಿಯೇ ಉಳಿದುದರ ಮೂಲ ಇದೇ. 1853ರಲ್ಲಿ ಸರದಿ ನಮ್ಮದಾಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ಪಡೆಯ ಸಂಬಳದ ಬಾಕಿ ಬೆಳೆದು ಸಾಲವಾಗಿ, ಆ ಸಾಲಕ್ಕೆ ವರ್ಹಾಡ, ರಾಯಚೂರು ದೋಆಬ್ ಮತ್ತು ನಳದುರ್ಗ-ಧಾರಾಶಿವ ಭಾಗಗಳನ್ನು ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ಸುರಪುರದಲ್ಲಿ ಆಡಳಿತ ನಡೆಸಿ ಹೆಸರು ಮಾಡಿದ್ದ ಮೆಡೋಸ್ ಟೇಲರನು ನಳದುರ್ಗಕ್ಕೆ ಅಧಿಕಾರಿಯಾಗಿ ಬಂದುದು ಹೀಗೆಯೇ. 1860ರಲ್ಲಿ ನಳದುರ್ಗವೂ ರಾಯಚೂರೂ ಮರಳಿ ಬಂದವು, ವರ್ಹಾಡ ಬರಲಿಲ್ಲ. ಅರಸನು ಹೈದರಾಬಾದಿನಲ್ಲಿ ಕುಳಿತು ಪಡೆಯನ್ನು ಬಾಡಿಗೆಗೆ ತಂದರೆ ಬೋರಿ ನದಿಯ ದಂಡೆಯ ಒಕ್ಕಲಿಗನು ಒತ್ತೆಯಾಳಾದನು. ಯಾರೂ ಅವನನ್ನು ಕೇಳಲಿಲ್ಲ.

ಬೀದರದ ಆಕಾಶ

ವಿಮಾನಗಳ ಕಾಲ ಬಂದಾಗ ಹೈದರಾಬಾದಿನ ಗದ್ದುಗೆಯ ಮೇಲೆ ಇದ್ದವನು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅವನನ್ನು ಜಗತ್ತಿನ ಅತ್ಯಂತ ಸಿರಿವಂತನೆಂದು ಮುಖಪುಟದಲ್ಲಿ ಹಾಕಿತು. ಅವನ ರಾಜ್ಯಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ, ತನ್ನದೇ ರೈಲು ಇದ್ದವು. 1945ರಲ್ಲಿ ಟಾಟಾ ಅವರ ಜೊತೆಗೂಡಿ ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಕಂಪನಿಯೂ ಆಯಿತು. ಇಲ್ಲದ್ದು ಒಂದೇ, ಹೋರಾಡಬಲ್ಲ ವಾಯುಪಡೆ. ಹೊರಗಿನ ರಕ್ಷಣೆ ಇಂಗ್ಲಿಷರದೆಂದು 1798ರಿಂದಲೂ ಬರೆದುಕೊಟ್ಟಾಗಿತ್ತಲ್ಲ!

ಹಾಗೆಂದು ಅವನು ಯುದ್ಧವಿಮಾನಕ್ಕೆ ಹಣ ಹಾಕಲಿಲ್ಲವೆಂದು ತಿಳಿಯಬಾರದು. ಧಾರಾಳವಾಗಿ ಹಾಕಿದನು, ಆದರೆ ಇಂಗ್ಲೆಂಡಿಗಾಗಿ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿನ ಮೊದಲ ವಿಮಾನಗಳೆಲ್ಲ ನಿಜಾಮನ ಕಾಣಿಕೆ. ಒಂದೊಂದರ ಮೇಲೂ ಹಾಗೆಂದು ಬರೆಯಲಾಗಿತ್ತು. 1918ರಲ್ಲಿ ಅವು ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕಿದವು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೆಯ ಸ್ಕ್ವಾಡ್ರನ್ನುಗಳು ಹೈದರಾಬಾದಿನ ಹೆಸರು ಹೊತ್ತು, ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳನ್ನು ಹಾರಿಸಿ 1940ರಲ್ಲಿ ಇಂಗ್ಲೆಂಡನ್ನು ಕಾಯುವ ಹೋರಾಟದಲ್ಲಿ ಪಾಲುಗೊಂಡವು. 152ನೆಯದರ ಲಾಂಛನದಲ್ಲಿ ನಿಜಾಮನ ಪೇಟ ಇತ್ತು. ಧ್ಯೇಯವಾಕ್ಯ 'ನಂಬಿಕೆಯ ಮಿತ್ರ' ಎಂಬರ್ಥದ್ದು. ಇಂಗ್ಲಿಷರು ನಿಜಾಮನಿಗೆ ಕೊಟ್ಟಿದ್ದ ಬಿರುದೂ ಅದೇ. ಉದಗೀರ, ನಿಲಂಗಾ, ಉಮರ್ಗಾ ತಾಲೂಕುಗಳ ಜೋಳದ ಹೊಲದ ಕಂದಾಯವೂ ಆ ವಿಮಾನಗಳ ರೆಕ್ಕೆಯಲ್ಲಿ ಎಷ್ಟೋ ಪಾಲು ಸೇರಿತ್ತೆಂಬುದನ್ನು ನಾವು ಮರೆಯಲಾಗದು.

1947ರಲ್ಲಿ ನಂಬಿಕೆಯ ಮಿತ್ರನು ಗಂಟುಮೂಟೆ ಕಟ್ಟಿಕೊಂಡು ಹೊರಟನು. ತಾನು ಸ್ವತಂತ್ರನಾಗಿರುವೆನೆಂದು, ಬ್ರಿಟಿಷ್ ಕಾಮನ್‌ವೆಲ್ತಿನಲ್ಲಿ ನೇರವಾಗಿ ಸೇರುವೆನೆಂದು ನಿಜಾಮ ಕೇಳಿಕೊಂಡನು, ಲಂಡನ್ ಒಪ್ಪಲಿಲ್ಲ. ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮೊದಲೇ ಹೈದರಾಬಾದು ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲ ಕೊಟ್ಟಿತು, ಅದೂ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ. ಒಂದು ಕೈಯಿಂದ ದಿಲ್ಲಿಯೊಡನೆ ಸಹಿ, ಇನ್ನೊಂದು ಕೈಯಿಂದ ಕರಾಚಿಗೆ ಹಣ. ಸುತ್ತಲೂ ಭಾರತದ ನೆಲ, ಒಂದು ಬಂದರವೂ ಇಲ್ಲದ ರಾಜ್ಯ. ಶಸ್ತ್ರ ತರಿಸಬೇಕಾದರೆ ಆಕಾಶವೊಂದೇ ದಾರಿ.

ಆ ದಾರಿಯಲ್ಲಿ ಬಂದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನ ಸಾಹಸಿ. 1948ರಲ್ಲಿ ಅವನ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ರಾತ್ರಿಯ ಹೊತ್ತು ಶಸ್ತ್ರಗಳನ್ನು ಹೊತ್ತು ತಂದು ಬೀದರದಲ್ಲಿ, ವಾರಂಗಲ್ಲಿನಲ್ಲಿ ಇಳಿಸಿದವು. ಯುದ್ಧದ ಬಾಂಬರ್ ವಿಮಾನವನ್ನೇ ಪ್ರಯಾಣಿಕರಿಗಾಗಿ ತಿದ್ದಿ ಮಾಡಿದ ಯಂತ್ರಗಳು ಅವು. ಜಗತ್ತಿನ ಅತ್ಯಂತ ಸಿರಿವಂತನ ಶಸ್ತ್ರಾಗಾರ ಕಳ್ಳಸಾಗಣೆಯಿಂದ ತುಂಬಬೇಕಾಯಿತು! ಅಂದಿಗೆ ನಮ್ಮ ವಲಾಂಡಿಯೂ ಸೇರಿದಂತೆ ಉದಗೀರ ತಾಲೂಕೆಲ್ಲ ಬೀದರ ಜಿಲ್ಲೆಗೇ ಸೇರಿತ್ತು. ರಾತ್ರಿಯ ವಿಮಾನಗಳು ಇಳಿಯುತ್ತಿದ್ದುದು ನಮ್ಮ ಜಿಲ್ಲಾ ಸ್ಥಳದಲ್ಲಿ.

ಅದೇ ವರ್ಷದಲ್ಲಿ ಹಳ್ಳಿಗಳಲ್ಲಿ ರಜಾಕಾರರ ಹಾವಳಿ ಮಿತಿಮೀರಿತ್ತು. ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗವನ್ನು ಹಿಡಿದು, ಅಂದೇ ಉಮರ್ಗಾಕ್ಕೆ ಬಂದಿತು. ಮರುದಿನ ರಾಜೇಶ್ವರದ ದಾರಿಯಲ್ಲಿ ಅಡಗಿದ್ದವರ ಮೇಲೆ ಟೆಂಪೆಸ್ಟ್ ವಿಮಾನಗಳು ಎರಗಿದವು. ಬೀದರ, ವಾರಂಗಲ್ಲಿನ ವಿಮಾನನೆಲೆಗಳ ಮೇಲೂ ದಾಳಿ ನಡೆಯಿತು. ನಿಜಾಮನ ಕಡೆಯಿಂದ ಎದುರಿಗೆ ಏರಿ ಬರಲು ಒಂದು ವಿಮಾನವೂ ಇರಲಿಲ್ಲ. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹೈದರಾಬಾದಿನ ಹೆಸರು ಹೊತ್ತ 253ನೆಯ ಸ್ಕ್ವಾಡ್ರನ್ನು ಹಾರಿಸಿದ ಹರಿಕೇನ್ ವಿಮಾನವನ್ನು ಕಟ್ಟಿದುದು ಇಂಗ್ಲೆಂಡಿನ ಹಾಕರ್ ಕಂಪನಿ. 1948ರಲ್ಲಿ ನಮ್ಮ ತಲೆಯ ಮೇಲೆ ಬಂದ ಟೆಂಪೆಸ್ಟನ್ನು ಕಟ್ಟಿದುದೂ ಅದೇ ಹಾಕರ್ ಕಂಪನಿ. ಮಾರುವವನಿಗೆ ಹಗೆಯೂ ಇಲ್ಲ, ಮಿತ್ರನೂ ಇಲ್ಲ.

17ರಂದು ಎಲ್ಲ ಮುಗಿಯಿತು. ಆದರೆ ಹಳ್ಳಿಗಳಲ್ಲಿ ಮುಗಿಯಲಿಲ್ಲ. ಸೇನಾ ಕಾರ್ಯಾಚರಣೆಯ ಬೆನ್ನಿಗೆ ಸೇಡಿನ ಹೆಸರಿನಲ್ಲಿ ನಡೆದ ಕೊಲೆ ಸುಲಿಗೆಗಳಲ್ಲಿ ರಜಾಕಾರರ ಪಾಪಕ್ಕೆ ಏನೂ ಸಂಬಂಧವಿರದ ಬಡ ಮುಸ್ಲಿಂ ಕುಟುಂಬಗಳು ಬಲಿಯಾದವು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದವರೆಗೆ ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದವು ಉಸ್ಮಾನಾಬಾದ್, ಬೀದರ, ಕಲಬುರ್ಗಿ, ನಾಂದೇಡ. ಎಲ್ಲವೂ ನಮ್ಮ ಸುತ್ತಲಿನವೇ. ಅರಸನ ಶಸ್ತ್ರವ್ಯಾಪಾರದ ಕೊನೆಯ ಕಂತನ್ನು ಹಿಂದೂ ಮುಸ್ಲಿಂ ಎನ್ನದೆ ನೆರೆಹೊರೆಯ ಹಳ್ಳಿಗರು ತೆತ್ತರು.

ಹಣದ ಕಥೆಯಾದರೋ ಇನ್ನೂ ಎಪ್ಪತ್ತು ವರ್ಷ ನಡೆಯಿತು. ಶರಣಾಗತಿಯ ಹೊತ್ತಿಗೆ ನಿಜಾಮನ ಸರಕಾರದ ಸುಮಾರು 10 ಲಕ್ಷ ಪೌಂಡು ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರನ ಖಾತೆಗೆ ವರ್ಗವಾಗಿತ್ತು. ಅದು ತಾನು ಪೂರೈಸಿದ ಶಸ್ತ್ರಗಳ ಬೆಲೆಯೆಂದು ಪಾಕಿಸ್ತಾನ ವಾದಿಸಿತು. 2019ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪದೆ, ಬಡ್ಡಿಯೊಡನೆ ಮೂರೂವರೆ ಕೋಟಿ ಪೌಂಡಾಗಿದ್ದ ಆ ಹಣ ಭಾರತಕ್ಕೂ ನಿಜಾಮನ ವಾರಸುದಾರರಿಗೂ ಸೇರಬೇಕೆಂದು ತೀರ್ಪಿತ್ತಿತು. ಗೋರಟಾದ ಹಳ್ಳಿಗರಿಗೆ ವಾರಸುದಾರರಿದ್ದಾರೆ. ಅವರ ಲೆಕ್ಕ ಯಾವ ನ್ಯಾಯಾಲಯದಲ್ಲಿಯೂ ಇಲ್ಲ.

ಸೊಲ್ಲಾಪುರದ ವ್ಯಾಪಾರಿ, ಮೈಸೂರಿನ ಹಣ

ನಿಜಾಮನ ಹೆಸರಿನ ಸ್ಕ್ವಾಡ್ರನ್ನುಗಳು ಇಂಗ್ಲೆಂಡಿನಲ್ಲಿ ಹಾರುತ್ತಿದ್ದ 1940ನೆಯ ವರ್ಷದ ಡಿಸೆಂಬರಿನಲ್ಲಿಯೇ ಇನ್ನೊಂದು ದೇಶೀಯ ಸಂಸ್ಥಾನ ಬೇರೆ ದಾರಿ ಹಿಡಿಯಿತು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹಿರಾಚಂದರು ಈ ದೇಶದಲ್ಲಿಯೇ ವಿಮಾನ ಕಟ್ಟಬೇಕೆಂದು ಹೊರಟಿದ್ದರು. ಮೈಸೂರು ಸರಕಾರವು ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಅವರಿಗೆ ಬೆಂಗಳೂರಿನಲ್ಲಿ ಭೂಮಿ ಕೊಟ್ಟಿತು, ಬಂಡವಾಳ ಹಾಕಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಇಂದಿನ ಎಚ್.ಎ.ಎಲ್. ಎಂದರೆ ಅದೇ. ಮೈಸೂರಿನ ಸಿರಿ ನಿಜಾಮನ ಸಿರಿಯ ಮುಂದೆ ಎಷ್ಟರದು? ಆದರೆ ಒಬ್ಬನ ಹಣ ಪರರ ರೆಕ್ಕೆಯ ಮೇಲೆ ಹೆಸರಾಗಿ ಉಳಿಯಿತು. ಇನ್ನೊಬ್ಬನ ಹಣ ಕನ್ನಡದ ನೆಲದಲ್ಲಿ ಕುಲುಮೆಯಾಗಿ, ಕಮ್ಮಟವಾಗಿ, ಸಾವಿರಾರು ಕೆಲಸಗಾರರ ಕೈಯ ಕುಶಲತೆಯಾಗಿ ಉಳಿಯಿತು.

ಕಾರ್ಖಾನೆ ಇದ್ದ ಮಾತ್ರಕ್ಕೆ ಮೂಗುದಾರ ಪೂರ್ತಿಯಾಗಿ ಕೈಗೆ ಬಂದಿತೆಂದು ನಾವು ಹೇಳಲಾರೆವು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪಗೊಂಡ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಮೈಕಟ್ಟು ಉತ್ತಮ, ಎಂಜಿನ್ ಮಾತ್ರ ಪರರದು. ಅದಕ್ಕೆಂದು ನೆಚ್ಚಿಕೊಂಡಿದ್ದ ಬಲವಾದ ಬ್ರಿಟಿಷ್ ಎಂಜಿನ್ ಬರಲೇ ಇಲ್ಲ. ರಷ್ಯ, ಈಜಿಪ್ಟ್ ಎಂದು ಬಾಗಿಲು ಬಾಗಿಲು ತಟ್ಟಿದರೂ ಕೂಡಿಬರಲಿಲ್ಲ. ಶಬ್ದದ ವೇಗವನ್ನು ಮೀರಬೇಕಾಗಿದ್ದ ಮಾರುತ್ ಅದನ್ನು ಮೀರದೆಯೇ 147ರ ಸಂಖ್ಯೆಗೆ ನಿಂತಿತು. ಆದರೂ 1971ರಲ್ಲಿ ಮರುಭೂಮಿಯ ಲೋಂಗೆವಾಲಾ ಭಾಗದಲ್ಲಿ ತನ್ನ ಕೆಲಸ ಮಾಡಿ ಮಾನ ಉಳಿಸಿತು.

ಅದೇ ಕಾಲದಲ್ಲಿ ಅಮೆರಿಕ ಪಾಕಿಸ್ತಾನಕ್ಕೆ ಎಫ್-104 ಕೊಟ್ಟು ನಮಗೆ ಕೊಡಲು ಹಿಂದೆಗೆಯಿತು. 1962ರಲ್ಲಿ ಭಾರತವು ರಷ್ಯದ ಮಿಗ್-21ನ್ನು ಆರಿಸಿತು. ಅದರ ಬೆಲೆಗಿಂತ ಹೆಚ್ಚಾಗಿ ಗಮನಿಸಬೇಕಾದ ಷರತ್ತೆಂದರೆ ವಿಮಾನವನ್ನು ಇಲ್ಲಿಯೇ ಕಟ್ಟಲು ರಷ್ಯ ಒಪ್ಪಿದುದು. ನಾಸಿಕದಲ್ಲಿ ಒಡಲು, ಕೋರಾಪುಟದಲ್ಲಿ ಎಂಜಿನ್, ಹೈದರಾಬಾದಿನಲ್ಲಿ ವಿದ್ಯುನ್ಮಾನ ಉಪಕರಣ ಎಂದು ಕಾರ್ಖಾನೆಗಳು ಎದ್ದವು. ಆರು ದಶಕ ದುಡಿದ ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಹೊಂದಿತು. ಅದರ ಜಾಗಕ್ಕೆ ಬರಬೇಕಾದ ತೇಜಸ್ ನಮ್ಮದೇ ವಿನ್ಯಾಸ. ಎಂಜಿನ್ ಮತ್ತೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. 2021ರಲ್ಲಿ 99 ಎಂಜಿನ್ನುಗಳಿಗೆ ಆದೇಶ ಕೊಟ್ಟೆವು. ಹೇಳಿದ ಕಾಲಕ್ಕಿಂತ ಎರಡು ವರ್ಷ ತಡವಾಗಿ 2025ರ ಮಾರ್ಚಿನಲ್ಲಿ ಮೊದಲನೆಯದು ಬಂದಿತು. ಅಲ್ಲಿಯವರೆಗೆ ವಾಯುಪಡೆ ಕಾಯಬೇಕಾಯಿತು. ಎತ್ತು ಮನೆಯಲ್ಲಿ ಹುಟ್ಟಿದುದಾದರೂ ಮೇವು ಪರರ ಬಣವೆಯದಾದರೆ ಇಷ್ಟೇ ಗತಿ.

ನಮ್ಮ ಬೀದರದ ವಿಮಾನನೆಲೆಯಲ್ಲಿ ಇಂದು ವಾಯುಪಡೆಯ ತರುಣರು ಹಾಕ್ ವಿಮಾನಗಳಲ್ಲಿ ಯುದ್ಧವಿದ್ಯೆ ಕಲಿಯುತ್ತಾರೆ. ಅದನ್ನು ರೂಪಿಸಿದುದು ಹಾಕರ್ ಕಂಪನಿಯ ಪೀಳಿಗೆಗೇ ಸೇರಿದ ಸಂಸ್ಥೆ. ಆದರೆ 2004ರ ಒಪ್ಪಂದದಲ್ಲಿ ಕೊಂಡ 66 ಹಾಕ್‌ಗಳಲ್ಲಿ 42ನ್ನು ಕಟ್ಟಿದುದು ಬೆಂಗಳೂರಿನ ಕೆಲಸಗಾರರು. ಹರಿಕೇನಿನಿಂದ ಹಾಕ್ ವರೆಗೆ ಹೆಸರು ಬದಲಾಗಿಲ್ಲ. ಕೊಳ್ಳುವ ರೀತಿ ಬದಲಾಗಿದೆ. ಅರ್ಧ ದಾರಿ ಬಂದಿದ್ದೇವೆ, ಇನ್ನರ್ಧ ಉಳಿದಿದೆ.

ಸಿರಿವಂತ ಕೊಲ್ಲಿ ರಾಷ್ಟ್ರಗಳು ಈಗ ನಿಂತಿರುವುದು ನಿಜಾಮ ಅಲಿ ಖಾನನು ನಿಂತ ಜಾಗದಲ್ಲಿಯೇ ಎಂದು ನಮಗೆ ತೋರುತ್ತದೆ. ಎರಡು ಕಡೆಯವರಿಂದಲೂ ಕೊಳ್ಳುವ ಜಾಣತನ ಇಬ್ಬರೂ ಸುಮ್ಮನಿರುವಷ್ಟು ದಿನ ನಡೆಯುತ್ತದೆ. ಅವರಲ್ಲೊಬ್ಬನು 'ಅವನೋ ನಾನೋ' ಎಂದು ಕೇಳಿದ ದಿನ ಹಣದ ಚೀಲ ಉತ್ತರ ಹೇಳಲಾರದು. ಆ ದಿನ ನೆರವಿಗೆ ಬರುವವು ಎರಡೇ: ಸ್ವಂತ ಕೈಯ ಕಸುಬು ಮತ್ತು ಸ್ವಂತ ಜನರ ವಿಶ್ವಾಸ. ಕೊನೆಯ ನಿಜಾಮನಿಗೆ ಮೊದಲನೆಯದು ಇರಲಿಲ್ಲ. ಎರಡನೆಯದನ್ನು ರಜಾಕಾರರಿಗೆ ಸಲಿಗೆ ಕೊಟ್ಟು ತಾನೇ ಕಳೆದುಕೊಂಡನು. ಎಫ್-35 ಆಗಲಿ, ರಫೇಲ್ ಆಗಲಿ, ಆ ಎರಡನೆಯದನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಓದುಗರಲ್ಲಿ ಒಂದು ವಿನಂತಿಯಿದೆ. 1948ರಲ್ಲಿ ಬೀದರದ ಕಡೆಯಿಂದ ರಾತ್ರಿ ಕೇಳಿಬರುತ್ತಿದ್ದ ವಿಮಾನದ ಸದ್ದನ್ನು, ಉಮರ್ಗಾದ ಹೆದ್ದಾರಿಯಲ್ಲಿ ಸೇನೆ ಬಂದ ದಿನವನ್ನು, ಆಮೇಲಿನ ವಾರಗಳಲ್ಲಿ ನೆರೆಮನೆಯವರನ್ನು ಹಗೇವಿನಲ್ಲಿಯೋ ಅಟ್ಟದಲ್ಲಿಯೋ ಅಡಗಿಸಿ ಕಾಯ್ದುದನ್ನು ಕಂಡ ಹಿರಿಯರು ಯಾರ ಮನೆಯಲ್ಲಿಯಾದರೂ ಇದ್ದರೆ, ಅವರು ಈಗ ತೊಂಬತ್ತರ ಆಸುಪಾಸಿನವರು. ಅವರ ಬಳಿ ಕುಳಿತು, ಕೇಳಿ, ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಅವರು ಹೇಳಿದಂತೆಯೇ ಬರೆದು ನಮಗೆ ಕಳಿಸಿರಿ. ದೋಹಾದಲ್ಲಿಯೂ ದುಬೈಯಲ್ಲಿಯೂ ಇರುವ ಮಕ್ಕಳು ಮುಂದಿನ ರಜೆಗೆ ಊರಿಗೆ ಬಂದಾಗ ಈ ಕೆಲಸಕ್ಕೆ ಒಂದು ಸಂಜೆಯನ್ನು ಮೀಸಲಿಡಲಿ. ಬಂದ ಬರಹಗಳನ್ನು ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಪ್ರಕಟಿಸುತ್ತೇವೆ.